ಭೀಮಾತೀರ ಮತ್ತು ವೈದ್ಯರ ಬರಹ

ಭೀಮಾ ನದಿಯ ದಂಡೆಯಲ್ಲಿರುವ ದೇವಣಗಾಂವ ಮತ್ತು ಅದರ ಸುತ್ತಣ, ವಿಜಾಪುರ ಜಿಲ್ಲೆಯ ಸಿಂದಗಿ, ಇಂಡಿ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಈ ಭಾಗದಲ್ಲಿ ಸಂಸ್ಕೃತಿಯನ್ನು ಕುರಿತು ಬರೆದವರು ಯಾರು, ಬರೆಯದೆ ಉಳಿದವರು ಯಾರು ಎಂಬುದಕ್ಕೆ ಆ ಆಡಳಿತದ ಭೂಗೋಳವೇ ಬಹುಮಟ್ಟಿಗೆ ಕಾರಣವಾಯಿತು. ವೈದ್ಯಶಿಕ್ಷಣಕ್ಕೆ ಹೆಸರಾದ ಗ್ರಾಂಟ್ ವೈದ್ಯಕೀಯ ಕಾಲೇಜು 1845ರಿಂದ ಇದ್ದುದು ಮುಂಬಯಿಯಲ್ಲಿ; ದೊಡ್ಡ ಕಾಯಿಲೆಗೆ ಜನ ನೆಚ್ಚಿದ ಮಿಷನ್ ಆಸ್ಪತ್ರೆ, ವಿಲಿಯಂ ವಾನ್ಲೆಸ್ ಎಂಬ ಶಸ್ತ್ರವೈದ್ಯ 1894ರಲ್ಲಿ ತೆರೆದದ್ದು, ಮೀರಜಿನಲ್ಲಿ. ಓದಲು ಹೋದವನಿಗೂ ಚಿಕಿತ್ಸೆಗೆ ಹೋದವನಿಗೂ ಅಲ್ಲಿ ಎದುರಾದದ್ದು ಇಂಗ್ಲಿಷ್ ಮತ್ತು ಮರಾಠಿ. ಕನ್ನಡ ನಾಡಿನ ಈ ಮಗ್ಗುಲಿಗೆ ಹತ್ತಿರದಲ್ಲಿ ವೈದ್ಯಕೀಯ ಕಾಲೇಜೊಂದು ಸಿಗಲು ಹುಬ್ಬಳ್ಳಿಯಲ್ಲಿ 1957 ಬರಬೇಕಾಯಿತು, ವಿಜಾಪುರ ನಗರದಲ್ಲಂತೂ 1980ರ ದಶಕ ಬರಬೇಕಾಯಿತು.

ಆದ್ದರಿಂದಲೇ ಇಲ್ಲಿ ಬಾಳಿನ ರೀತಿನೀತಿಗಳನ್ನು ಕುರಿತ ಚಿಂತನೆ ವೈದ್ಯರಿಂದಲ್ಲ, ವಕೀಲಿಕೆ ಬಿಟ್ಟು ವಚನಗಳ ತಾಳೆಗರಿ ಹುಡುಕಿದ ಫ. ಗು. ಹಳಕಟ್ಟಿಯವರಿಂದ ಹಾಗೂ ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರಿಂದ ಬಂದಿತೆಂದು ಊಹಿಸುವುದು ತಪ್ಪಾಗಲಾರದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಈ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ ತ್ರಿಪದಿಗಳ ಸಂಗ್ರಹ. ತವರಿನ ಹಂಬಲ, ಕೂಸಿನ ಸುಖ, ಬಂಜೆತನದ ಸಂಕಟಗಳು ಅದರಲ್ಲಿ ತುಂಬಿವೆ. ಹೆಣ್ಣಿನ ದೇಹ ಮತ್ತು ಮನಸ್ಸು ಪಡುವ ಪಾಡಿನ ದಾಖಲೆಯಾಗಿ ಅದನ್ನು ವೈದ್ಯರು ಓದಬೇಕಿತ್ತು. ಓದಿದ್ದು ಮಾತ್ರ ಸಾಹಿತ್ಯದ ವಿದ್ಯಾರ್ಥಿಗಳು.

ಹಳೆಯ ಮೈಸೂರಿನಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಆರಂಭವಾಗಿತ್ತು, ಕನ್ನಡ ಪತ್ರಿಕೆಗಳೂ ಪ್ರಕಾಶಕರೂ ಅದೇ ನೆರೆಯಲ್ಲಿದ್ದರು. 'ರಾಶಿ' ಎಂಬ ಹೆಸರಿನಲ್ಲಿ ಬರೆದ ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, 'ಕೊರವಂಜಿ' ಎಂಬ ಹಾಸ್ಯ ಮಾಸಪತ್ರಿಕೆಯನ್ನು ತಂದು ಕಾಲು ಶತಮಾನದಷ್ಟು ಕಾಲ ನಡೆಸಿದರು. ಆಗಿನ್ನೂ ತರುಣರಾಗಿದ್ದ ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಪೇಟೆಯ ಜೀವನದ ಸೋಗು, ಅಧಿಕಾರದ ಠೇಂಕಾರಗಳನ್ನು ನಗೆಗೆ ಗುರಿಮಾಡಿದ ಈ ವೈದ್ಯರೇ ಮುಂದೆ ಮನಸ್ಸಿನ ವ್ಯಾಪಾರಗಳ ಕಡೆಗೆ ಹೊರಳಿ ಬರೆದ 'ಮನಮಂಥನ' ಕೃತಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಈ ಎರಡು ಕೆಲಸಗಳನ್ನು ಬೇರೆಬೇರೆಯೆಂದು ಎಣಿಸುವುದು ವಾಡಿಕೆ. ಆದರೆ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳುಗಳನ್ನು ಗುರುತಿಸುವ ಕಣ್ಣು ಹಾಸ್ಯಗಾರನಿಗೂ ಮನೋವೈದ್ಯನಿಗೂ ಸಮಾನವಾಗಿ ಬೇಕಾದದ್ದು.

ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಹಿಡಿದ ದಾರಿ ಇನ್ನೂ ನೇರವಾದದ್ದು. 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಗಳಲ್ಲಿ ಅವರು ಬಸಿರು, ಬಾಣಂತನ, ಲೈಂಗಿಕತೆಗಳನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ಹೆಣ್ಣಿನ ಅನಾರೋಗ್ಯಕ್ಕೆ ಎಷ್ಟೋ ಸಲ ಮನೆಯ ಕಟ್ಟುಪಾಡೇ ಮೂಲವೆಂಬ ತಿಳಿವು ಅವರನ್ನು ಕಾದಂಬರಿಗೂ ಸ್ತ್ರೀವಾದಿ ಚಿಂತನೆಗೂ ಕೊಂಡೊಯ್ದಿತು. ಕ್ಯಾನ್ಸರ್ ತಮಗೇ ಅಂಟಿಕೊಂಡಾಗಲೂ ಅವರ ಬರವಣಿಗೆ ನಿಲ್ಲಲಿಲ್ಲ. 1991ರಲ್ಲಿ ಅವರು ತೀರಿಕೊಂಡರು.

ರೋಗದ ಬೇರು ಬದುಕುವ ರೀತಿಯಲ್ಲಿದ್ದಾಗ ವೈದ್ಯನು ಸಂಸ್ಕೃತಿಯ ಮಾತಾಡದೆ ಗತ್ಯಂತರವಿಲ್ಲ ಎಂಬುದಕ್ಕೆ ವಿಜಾಪುರ ಜಿಲ್ಲೆಯನ್ನು ಬಹುಕಾಲ ಕಾಡಿದ ನಾರುಹುಣ್ಣಿಗಿಂತ ಸ್ಪಷ್ಟವಾದ ನಿದರ್ಶನ ಸಿಗದು. ಕಾಲಿನ ಹುಣ್ಣಿನಿಂದ ಮೊಳದುದ್ದಕ್ಕೂ ಮೀರಿದ ಹುಳು ದಾರದಂತೆ ಹೊರಬೀಳುವ ಈ ಕಾಯಿಲೆ, ರೋಗಿಯು ಮೆಟ್ಟಿಲು ಬಾವಿಯ ನೀರಿಗೆ ಕಾಲಿಟ್ಟಾಗ ಹೊರಬರುವ ಮರಿಹುಳುಗಳು ಕಣ್ಣಿಗೆ ಕಂಡೂ ಕಾಣದಂಥ ನೀರುಚಿಗಟಗಳ ಒಡಲು ಸೇರಿ, ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಅದಕ್ಕೆ ಲಸಿಕೆ ಇರಲಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಇಳಿಯದೆ ಹಗ್ಗ ಹಾಕಿ ಸೇದುವುದು, ಕೊಳವೆಬಾವಿ ತೋಡುವುದು, ಮುಖ್ಯವಾಗಿ ಇಂಥ ಕ್ರಮಗಳಿಂದಲೇ ಅದು ಹಿಮ್ಮೆಟ್ಟಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಪ್ರಮಾಣೀಕರಿಸಿತು.