ಆಹಾರದ ಖನಿಜಗಳು: ಹರಿಪುರದ ಅರಿಶಿನದಿಂದ ಜೋಳದ ರೊಟ್ಟಿಯವರೆಗೆ

ಸಾಂಗಲಿಗೆ ಹೊಂದಿಕೊಂಡಿರುವ ಹರಿಪುರದಲ್ಲಿ ವಾರಣಾ ನದಿ ಕೃಷ್ಣೆಯನ್ನು ಕೂಡುತ್ತದೆ. ಸಂಗಮೇಶ್ವರನ ಗುಡಿಯಷ್ಟೇ ಈ ಊರಿಗೆ ಹೆಸರು ತಂದದ್ದು ಅರಿಶಿನದ ಪೇವುಗಳು. ಉತ್ತರ ಕರ್ನಾಟಕದ ಹಗೇವಿನ ಹಾಗೆ ನೆಲದೊಳಗೆ ತೋಡಿದ ಈ ಕಣಜಗಳ ಬಾಯಿ ಮುಚ್ಚಿದರೆ ಒಳಗೆ ಆಮ್ಲಜನಕದ ಪ್ರಮಾಣ ಇಳಿದು ಹುಳು ಬದುಕುವುದಿಲ್ಲ. ಒಣಗಿದ ಕೊಂಬು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. 2005ರ ಮಹಾಪೂರಕ್ಕೆ ಅನೇಕ ಪೇವುಗಳು ಹಾಳಾದವು. ಸಾಂಗಲಿಯ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಪೋಷಕಾಂಶಗಳ ಕೋಷ್ಟಕ ತೆರೆದರೆ ಅರಿಶಿನ ಬೆರಗು ಹುಟ್ಟಿಸುತ್ತದೆ: 100 ಗ್ರಾಂ ಪುಡಿಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣ. ಆದರೆ 100 ಗ್ರಾಂ ಅರಿಶಿನ ತಿನ್ನುವವರು ಯಾರು? ಪಲ್ಯಕ್ಕೆ ಬೀಳುವ ಅರ್ಧ ಗ್ರಾಂನಲ್ಲಿ ಇರುವುದು ಕಾಲು ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು.

ಖನಿಜಗಳನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ಮಣ್ಣು, ನೀರು, ಬೆಳೆ, ಹಾಲು, ಮಾಂಸದ ದಾರಿಯಿಂದಲೇ ಅವು ಬರಬೇಕು. ವಯಸ್ಕರ ಮೈಯಲ್ಲಿ ಕಿಲೋ ಲೆಕ್ಕದಲ್ಲಿ ಇರುವುದು ಕ್ಯಾಲ್ಸಿಯಂ, ಅದರಲ್ಲಿ ಶೇ 99 ಎಲುಬು ಹಲ್ಲುಗಳಲ್ಲಿ. ಉಳಿದ ಒಂದು ಪಾಲು ಸ್ನಾಯು ಸಂಕುಚಿಸಲು, ರಕ್ತ ಹೆಪ್ಪುಗಟ್ಟಲು ಬೇಕು. ಕಬ್ಬಿಣ ಇರುವುದು ಮೂರು ನಾಲ್ಕು ಗ್ರಾಂ ಮಾತ್ರ. ಮೂರರಲ್ಲಿ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿ ಕುಳಿತು ಆಮ್ಲಜನಕ ಹೊರುತ್ತದೆ. ಸತು ನೂರಾರು ಕಿಣ್ವಗಳಿಗೆ, ಗಾಯ ಮಾಯುವುದಕ್ಕೆ, ಮಕ್ಕಳ ಬೆಳವಣಿಗೆಗೆ ಬೇಕು. ಸೋಡಿಯಂ, ಪೊಟ್ಯಾಸಿಯಂ ನರಗಳ ಸಂದೇಶಕ್ಕೂ ರಕ್ತದೊತ್ತಡಕ್ಕೂ ಸಂಬಂಧಿಸಿದವು. ಅಯೋಡಿನ್ ಅಂತೂ ಇಡೀ ದೇಹದಲ್ಲಿ 15–20 ಮಿಲಿಗ್ರಾಂ. ಅಷ್ಟು ಅಲ್ಪವಾದದ್ದೂ ಕೊರತೆಯಾದರೆ ಗಳಗಂಡ ಬರುತ್ತದೆ, ಗರ್ಭದಲ್ಲಿನ ಶಿಶುವಿನ ಮಿದುಳಿಗೆ ಪೆಟ್ಟು ಬೀಳುತ್ತದೆ. ಭಾರತ 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿದ್ದು ಇದಕ್ಕಾಗಿಯೇ.

ಇದೆ ಎನ್ನುವುದು ಬೇರೆ, ದಕ್ಕುತ್ತದೆ ಎನ್ನುವುದು ಬೇರೆ. ಕೃಷ್ಣಾ ತೀರದ ಎರೆಮಣ್ಣೇ ಇದಕ್ಕೆ ಸಾಕ್ಷಿ. ಬಸಾಲ್ಟ್ ಕಲ್ಲು ಸವೆದು ಹುಟ್ಟಿದ ಆ ನೆಲದಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೂ ಸುಣ್ಣದಂಶ ಮತ್ತು ಕ್ಷಾರ ಹೆಚ್ಚಿದ ಹೊಲದಲ್ಲಿ ಕಬ್ಬಿಣ ಕರಗದೆ ಗಟ್ಟಿಯಾಗಿ ಕೂರುತ್ತದೆ, ಕಬ್ಬಿನ ಎಳೆ ಎಲೆ ಹಳದಿಗೆ ತಿರುಗುತ್ತದೆ, ರೈತ ಫೆರಸ್ ಸಲ್ಫೇಟ್ ಸಿಂಪಡಿಸುತ್ತಾನೆ.

ತಟ್ಟೆಯಲ್ಲೂ ಇದೇ ಕಥೆ. ಜತ್ತ, ಮಿರಜದಿಂದ ಅಥಣಿ, ವಿಜಯಪುರದವರೆಗೆ ಕನ್ನಡ ಮನೆಗಳ ಹೊಟ್ಟೆ ತುಂಬಿಸುವ ಜೋಳದ 100 ಗ್ರಾಂನಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ, ಆದರೆ ಕಾಳಿನ ಫೈಟೇಟ್ ಅದನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ನಿಂಬೆಹಣ್ಣಿನ ಸಿ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಇನ್ನೊಂದು ಉಪಾಯವನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು. ಧಾನ್ಯ, ಬೇಳೆಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿ ಬೆರೆಸಿದಾಗ ದೇಹಕ್ಕೆ ಲಭ್ಯವಾಗಬಲ್ಲ ಕಬ್ಬಿಣ ಕೆಲವು ಸಂದರ್ಭಗಳಲ್ಲಿ ಶೇ 70ರವರೆಗೂ ಏರಿತು. ಪ್ರಯೋಗ ನಡೆದದ್ದು ಗಾಜಿನ ನಳಿಗೆಯಲ್ಲಿ, ಮನುಷ್ಯರ ಮೇಲಲ್ಲ ಎಂಬುದನ್ನು ಮರೆಯಬಾರದು. ಆದರೂ ರೊಟ್ಟಿಯ ಪಕ್ಕ ಉಳ್ಳಾಗಡ್ಡಿ ಜಜ್ಜಿಟ್ಟುಕೊಳ್ಳುವ ರೂಢಿಗೆ ರುಚಿಯಷ್ಟೇ ಕಾರಣವಾಗಿರಬೇಕಿಲ್ಲ.

ಊಟದ ಬೆನ್ನಿಗೇ ಕುಡಿಯುವ ಚಹಾ ಮಾತ್ರ ಉಲ್ಟಾ ಕೆಲಸ ಮಾಡುತ್ತದೆ. ಅದರ ಟ್ಯಾನಿನ್ ಕಬ್ಬಿಣವನ್ನು ತಡೆಯುತ್ತದೆ. ಅರಿಶಿನದ ಕರ್ಕ್ಯುಮಿನ್ ಕೂಡ ಕಬ್ಬಿಣಕ್ಕೆ ಅಂಟಿಕೊಳ್ಳುವ ವಸ್ತುವೇ. ಹಾಗೆಂದು ಅಡುಗೆಯ ಅರಿಶಿನಕ್ಕೆ ಹೆದರಬೇಕಿಲ್ಲ: ಥಾಯ್ ಯುವತಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಬ್ಬಿಣದ ಹೀರುವಿಕೆ ತಗ್ಗಿಸಿದ್ದು ಮೆಣಸಿನಕಾಯಿ, ಅರಿಶಿನವಲ್ಲ. ಕರ್ಕ್ಯುಮಿನ್ ಮಾತ್ರೆಗಳನ್ನು ಭಾರೀ ಪ್ರಮಾಣದಲ್ಲಿ ನುಂಗುವವರ ಲೆಕ್ಕ ಬೇರೆ. ಕಬ್ಬಿಣ ದಕ್ಕದಿದ್ದರೆ ಬರುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ಮಹಾರಾಷ್ಟ್ರದಲ್ಲಿ ಶೇ 54, ಕರ್ನಾಟಕದಲ್ಲಿ ಶೇ 48ರ ಹತ್ತಿರ. ಎಲ್ಲದಕ್ಕೂ ಕಬ್ಬಿಣದ ಕೊರತೆಯೇ ಕಾರಣವಲ್ಲ, ಆದರೆ ದೊಡ್ಡ ಪಾಲು ಅದರದ್ದು.

ಮಸಾಲೆಯ ಜೊತೆ ಬೇಡದ ಲೋಹವೂ ಒಳಹೊಗುವುದುಂಟು. ಸೀಸ ದೇಹಕ್ಕೆ ಯಾವ ಪ್ರಮಾಣದಲ್ಲೂ ಬೇಕಿಲ್ಲ. ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ನುಸುಳಿ ಎಲುಬು ಸೇರುತ್ತದೆ, ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಕಬ್ಬಿಣದ ಕೊರತೆಯಿರುವ ಮಗು ಸೀಸವನ್ನು ಇನ್ನಷ್ಟು ಹೀರುತ್ತದೆ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಸುತ್ತಿದ್ದುದು 2019ರಲ್ಲಿ ಬಯಲಾಯಿತು. ಪುಡಿ ಬೇಡ, ಕೊಂಬು ಕೊಂಡರೆ ಸಾಕು ಎಂಬ ನಂಬಿಕೆಗೂ ಅಲ್ಲಿ ಏಟು ಬಿತ್ತು, ಯಾಕೆಂದರೆ ಪಾಲಿಶ್ ಮಾಡುವಾಗ ಬಣ್ಣ ಹಚ್ಚುತ್ತಿದ್ದುದು ಕೊಂಬಿಗೇ. ಸರ್ಕಾರ ಮಾರುಕಟ್ಟೆಗಳಲ್ಲಿ ತಪಾಸಣೆ ನಡೆಸಿ ದಂಡ ಹಾಕಿತು; 2019ರಲ್ಲಿ ಪರೀಕ್ಷೆಗೆ ಒಳಪಟ್ಟ ಮಾದರಿಗಳಲ್ಲಿ ಶೇ 47ರಷ್ಟಿದ್ದ ಕಲಬೆರಕೆ 2021ರ ಹೊತ್ತಿಗೆ ಸೊನ್ನೆಗೆ ಇಳಿಯಿತು.