ಬಾವಿಯ ಪದರ, ನಿಘಂಟಿನ ಪದ

ಇಂಗ್ಲಿಷ್ ನಿಘಂಟುಗಳಲ್ಲಿ ಇಂಗ್ಲಿಷರಿಗೇ ಗೊತ್ತಿಲ್ಲದ ಪದಗಳು ಬೇಕಾದಷ್ಟಿವೆ. ‘ರೇಗೂರ್’, ‘ಮೂರಮ್’, ‘ಟ್ರ್ಯಾಪ್’ ಎಂಬ ಮೂರನ್ನು ತೆಗೆದುಕೊಳ್ಳಿ. ಮೊದಲ ಎರಡನ್ನು ಲಂಡನ್ನಿನ ಓದುಗ ಕೇಳಿಯೇ ಇರಲಾರ. ಮೂರನೆಯದನ್ನು ಇಲಿ ಹಿಡಿಯುವ ಬೋನು ಎಂದುಕೊಂಡಾನು. ಉಮರ್ಗಾ, ನಿಲಂಗಾ, ಉದಗೀರ್ ಸೀಮೆಯಲ್ಲಿ ಕೈಯಾರೆ ಬಾವಿ ತೋಡಿದವರಿಗೆ ಮಾತ್ರ ಈ ಮೂರೂ ಇದೇ ಕ್ರಮದಲ್ಲಿ ಎದುರಾಗಿವೆ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಅದಕ್ಕೂ ಕೆಳಗೆ ಗಟ್ಟಿ ಬಂಡೆ.

ನಿಲಂಗಾ, ಉದಗೀರ್ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ಆ ವರ್ಷದ ನವೆಂಬರ್ 1ರಂದು ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಇವೆರಡು ಮುಂಬಯಿ ರಾಜ್ಯಕ್ಕೆ ಹೋದವು. ಗಡಿ ಬಂದರೂ ಮನೆಗಳ ಮಾತು ಬದಲಾಗಲಿಲ್ಲ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ದಖನಿ, ಮೂಡಣ ದಿಕ್ಕಿನ ನೆಂಟರೊಡನೆ ತೆಲುಗು ಎಂಬ ಸಂಸಾರಗಳು ಇಂದಿಗೂ ಇವೆ. ಹೀಗಾಗಿ ಕಾಲ ಕೆಳಗಿನ ಮಣ್ಣಿಗೆ ಇಲ್ಲಿ ಒಂದೇ ಹೆಸರಿಲ್ಲ. ಕನ್ನಡದವರಿಗೆ ಅದು ಎರಿ, ಬರೆಹದಲ್ಲಿ ಎರೆ. ಮರಾಠಿಯವರಿಗೆ ಕಾಳೀ ಜಮೀನು. ತೆಲುಗರಿಗೆ ರೇಗಡಿ, ದಖನಿಯಲ್ಲಿ ರೇಗಡ್.

ಈ ಕೊನೆಯ ಹೆಸರೇ ಇಂಗ್ಲಿಷಿಗೆ ಹೋಗಿ ‘ರೇಗೂರ್’ ಆಯಿತು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ ಕಟ್ಟಿದ ‘ಹಾಬ್ಸನ್-ಜಾಬ್ಸನ್’ ಎಂಬ ಪದಕೋಶ 1886ರಲ್ಲಿ ಹೊರಬಂತು. ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಹತ್ತಿದ ಮಾತುಗಳಿಗೆಲ್ಲ ಅಲ್ಲಿ ಜಾಗವಿದೆ, ರೇಗೂರ್‌ಗೂ ಇದೆ. ಅದರ ಮೂಲ ಹೇಳುವಾಗ ಮಾತ್ರ ಸಂಪಾದಕರು ಅನುಮಾನಿಸುತ್ತಾರೆ. ಮರಳು ಎಂಬ ಅರ್ಥದ ಫಾರಸಿಯ ‘ರೇಗ್’ ಇದ್ದೀತೇ ಎನ್ನುತ್ತಾರೆ, ಎಚ್.ಎಚ್. ವಿಲ್ಸನ್ ತನ್ನ ಕೋಶದಲ್ಲಿ ಇದನ್ನು ತೆಲುಗಿನ ಪದವೆಂದು ಕೊಟ್ಟಿದ್ದಾನೆಂದೂ ಸೇರಿಸುತ್ತಾರೆ. ಎರೆ ಹೊಲದಲ್ಲಿ ಮಳೆಗಾಲದಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ ಈ ಅನುಮಾನ ಬರುವುದಿಲ್ಲ. ಚಪ್ಪಲಿಗೆ ಮೆತ್ತಿ ಕಾಲನ್ನೇ ಕಿತ್ತುಕೊಳ್ಳುವ ಈ ಜೇಡಿಗೆ ಮರಳಿನ ಹೆಸರನ್ನು ಯಾವ ಒಕ್ಕಲಿಗನೂ ಇಡುವುದಿಲ್ಲ. ನನಗೆ ತೆಲುಗಿನ ದಾರಿಯೇ ಸರಿ ಎನಿಸುತ್ತದೆ.

ನೀರು ಕುಡಿದರೆ ಉಬ್ಬುವುದು, ಬಿಸಿಲಿಗೆ ಕುಗ್ಗಿ ಆಳವಾಗಿ ಬಿರಿಯುವುದು ಈ ಮಣ್ಣಿನ ಗುಣ. ಮೇಲಿನ ಹುಡಿ ಬೇಸಗೆಯ ಬಿರುಕಿಗೆ ಬೀಳುತ್ತದೆ, ಮಳೆ ಬಂದಾಗ ಒಳಗಿನದು ಮೇಲೆ ತಳ್ಳಿಕೊಂಡು ಬರುತ್ತದೆ. ನೇಗಿಲಿಲ್ಲದೆಯೂ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಇದನ್ನು ಕಂಡೇ ಮಣ್ಣುವಿಜ್ಞಾನಿಗಳು, ತಿರುಗಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ, ಈ ಬಗೆಯ ಮಣ್ಣುಗಳಿಗೆ ‘ವರ್ಟಿಸಾಲ್’ ಎಂದು ಹೆಸರಿಟ್ಟರು. ಇಂಥದೇ ನೆಲ ಆಸ್ಟ್ರೇಲಿಯಾದಲ್ಲೂ ಇದೆ. ಅಲ್ಲಿ ಮಣ್ಣು ಉಬ್ಬಿ ಕುಗ್ಗಿ ಉಂಟಾಗುವ ಸಣ್ಣ ತಗ್ಗುದಿಣ್ಣೆಗಳಿಗೆ ಇಂಗ್ಲಿಷಿನಲ್ಲಿ ‘ಗಿಲ್‌ಗೈ’ ಎನ್ನುತ್ತಾರೆ. ಅದು ಅಲ್ಲಿನ ಮೂಲನಿವಾಸಿಗಳು ಚಿಕ್ಕ ನೀರುಗುಂಡಿಗೆ ಇಟ್ಟಿದ್ದ ಹೆಸರು. ವಿಜ್ಞಾನ ಲ್ಯಾಟಿನ್ನಿನಿಂದ ಹೆಸರು ಕಟ್ಟಬಲ್ಲದು. ಆದರೆ ಕಣ್ಣಿಗೆ ಕಾಣುವ ನೆಲವನ್ನು ಗುರುತಿಸಬೇಕಾದಾಗ, ಅದರ ಮೇಲೆ ಬದುಕಿದವರ ಮಾತನ್ನೇ ಕೇಳಿ ಪಡೆಯಬೇಕಾಯಿತು.

ರೇಗೂರ್ ಎಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು ಎಂದು ನಿಘಂಟು ಮುಗಿಸುತ್ತದೆ. ಆ ಮಣ್ಣು ಮಳೆ ನಿಂತ ಮೇಲೂ ಒಡಲಲ್ಲಿ ಹಸಿ ಹಿಡಿದಿಟ್ಟುಕೊಂಡು ಹಿಂಗಾರಿ ಬಿಳಿಜೋಳವನ್ನು ಬೆಳೆಸುತ್ತದೆ. ಆ ಜೋಳ ನಿಂತಿರುವಾಗಲೇ, ಮಾರ್ಗಶಿರದ ಅಮಾವಾಸ್ಯೆಯಂದು, ಲಾತೂರು ಮತ್ತು ಧಾರಾಶಿವ ಜಿಲ್ಲೆಗಳ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭಜ್ಜಿ, ಅಂಬಲಿ, ಉಂಡೆಗಳ ಬುತ್ತಿ ಬಿಚ್ಚಿ, ಮೊದಲು ಭೂಮಿಗೆ ಎಡೆಯಿಟ್ಟು ಚರಗ ಚೆಲ್ಲಿ, ಆಮೇಲೆ ಉಣ್ಣುತ್ತಾರೆ. ಅಲ್ಲಿನ ಮರಾಠಿಯಲ್ಲಿ ಈ ಹಬ್ಬದ ಹೆಸರು ‘ಯೆಳವಸ’. ಅದು ನಮ್ಮ ಎಳ್ಳಮಾವಾಸ್ಯೆಯೇ. ಮರಾಠಿ ಬಿಟ್ಟು ಬೇರೆ ಮಾತು ಬಾರದವರೂ ಆ ದಿನ ಕನ್ನಡದ ಹೆಸರು ಹೇಳಿಯೇ ಮಣ್ಣಿಗೆ ಉಣಿಸುತ್ತಾರೆ. ಯಾವ ಸರಕಾರದ ಆಜ್ಞೆಯೂ ಇಲ್ಲದೆ ಒಂದು ಪದ ಹೀಗೆ ಇನ್ನೊಂದು ಭಾಷೆಯಲ್ಲಿ ಬೇರು ಬಿಟ್ಟಿದೆಯೆಂದರೆ, ಅದಕ್ಕೆ ಕಾರಣ ಎರಡೂ ಭಾಷೆಯವರು ಒಟ್ಟಿಗೆ ದುಡಿದ ಹೊಲ.

ಎರಡನೆಯ ಪದರಕ್ಕೆ ಇಳಿಯೋಣ. ಕಪ್ಪು ಮಣ್ಣು ಮುಗಿದ ಮೇಲೆ ಕಂದು ಬಣ್ಣದ, ಹಾರೆಗೆ ಪದರು ಪದರಾಗಿ ಬಿಡುವ ಮೆದುಗಲ್ಲು ಸಿಗುತ್ತದೆ. ಅದೇ ಮುರುಮು. ಮರಾಠಿ ನಿಘಂಟುಕಾರ ಮೋಲ್ಸ್‌ವರ್ತ್ ಇದನ್ನು ಸೀಳುವ ಗುಣದ ಕಲ್ಲು, ಬಹುಶಃ ಕೊಳೆತ ಟ್ರ್ಯಾಪ್ ಎಂದು ವಿವರಿಸಿದ. ಹಾಬ್ಸನ್-ಜಾಬ್ಸನ್ ಆ ವಿವರಣೆಯನ್ನೇ ಎತ್ತಿಕೊಂಡು, ರಸ್ತೆಗೆ ಹಾಕುವ ಗರಸು ಎಂದಿತು. ಉಮರ್ಗಾ ತಾಲ್ಲೂಕಿನಲ್ಲಿ ಮುರುಮ್ ಎಂಬ ಹೆಸರಿನ ಪಟ್ಟಣವೇ ಇದೆ. ಇವತ್ತಿಗೂ ಲೋಕೋಪಯೋಗಿ ಇಲಾಖೆಗಳ ಟೆಂಡರುಗಳಲ್ಲಿ ಈ ಪದ ಇಂಗ್ಲಿಷಿನ ನಡುವೆ ನೆಲೆನಿಂತಿದೆ. ಕೆನ್ಯಾ, ಉಗಾಂಡಾಗಳ ಇಂಗ್ಲಿಷಿನಲ್ಲೂ ಡಾಂಬರು ಕಾಣದ ಕೆಂಪು ರಸ್ತೆಗೆ ‘ಮರ್ರಮ್’ ರಸ್ತೆ ಎನ್ನುತ್ತಾರೆ.

ಆದರೆ ಬಾವಿ ತೋಡುವವರಿಗೆ ಮುರುಮು ಎಂದರೆ ರಸ್ತೆಯಲ್ಲ, ನೀರು. ಮೇಲಿನ ಎರೆ ನೀರನ್ನು ಬಿಗಿಹಿಡಿಯುತ್ತದೆ, ಕೆಳಗಿನ ಬಂಡೆ ನೀರನ್ನು ಒಳಬಿಡುವುದಿಲ್ಲ. ನಡುವಿನ ಈ ಕೊಳೆತ ಕಲ್ಲಿನ ಸಂದುಗಳಲ್ಲೇ ಒರತೆ ಹರಿದಾಡುತ್ತದೆ. ಪದದ ಈ ಅರ್ಧ ಅರ್ಥ ಟೆಂಡರಿನಲ್ಲಿಲ್ಲ.

ಮೂರನೆಯದು ಟ್ರ್ಯಾಪ್. ಬೋನಿಗೂ ಇದಕ್ಕೂ ಸಂಬಂಧವಿಲ್ಲ. ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ‘ತ್ರಪ್ಪ’ದಿಂದ ಬಂದ ಪದ ಇದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ದಖ್ಖನ್ ಟ್ರ್ಯಾಪ್ ಆಯಿತು. ಗುಡ್ಡಗಳ ಪಕ್ಕೆಯಲ್ಲಿ ಆ ಥರಗಳು ಮೆಟ್ಟಿಲಾಗಿ ಕಾಣುತ್ತವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಲಾತೂರು, ಉಮರ್ಗಾ ಕಡೆಯ ಹಳ್ಳಿಗಳನ್ನು ನೆಲಸಮ ಮಾಡಿ ಹತ್ತಿರಹತ್ತಿರ ಹತ್ತು ಸಾವಿರ ಜನರನ್ನು ಕೊಂದಿತು. ಇದೇ ಕರಿಗಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ ಮಲಗಿದ್ದವರ ಮೇಲೆ ಕುಸಿದವು. ಆಮೇಲೆ ವಿಜ್ಞಾನಿಗಳು ಕಿಲ್ಲಾರಿಯಲ್ಲಿ 617 ಮೀಟರ್ ಆಳಕ್ಕೆ ಕೊರೆದಾಗ, ಟ್ರ್ಯಾಪಿನ ದಪ್ಪ 338 ಮೀಟರ್ ಎಂದು ತಿಳಿಯಿತು.

ಈಗ ಬಾವಿ ತೋಡುವವರು ಕಡಿಮೆ. ಬೋರ್‌ವೆಲ್ ಲಾರಿ ಬಂದು ರಾತ್ರಿ ಬೆಳಗಾಗುವುದರೊಳಗೆ ಮೂರೂ ಪದರಗಳನ್ನು ದಾಟಿ ಹೋಗುತ್ತದೆ. ಮೇಲೆ ಬರುವುದು ಒಂದೇ ಬಗೆಯ ಹುಡಿ. ಯಾವುದು ಎಲ್ಲಿ ಮುಗಿಯಿತು ಎಂದು ಯಾರೂ ನೋಡಬೇಕಿಲ್ಲ, ಹೆಸರಿಡಬೇಕಿಲ್ಲ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಮುರುಮಿನ ಒರತೆಯನ್ನು ಮರೆತದ್ದಕ್ಕೂ ಆ ರೈಲಿಗೂ ನೇರ ಗೆರೆ ಎಳೆಯಲಾರೆ, ಬರ ದೊಡ್ಡದಿತ್ತು. ಆದರೂ, ನೀರಿರುವ ಪದರದ ಹೆಸರು ಮಕ್ಕಳ ಬಾಯಲ್ಲಿ ಇಲ್ಲದ ಊರು, ಆ ಪದರವನ್ನು ಕಾಪಾಡಿಕೊಳ್ಳುವ ಬಗೆಯನ್ನೂ ಮರೆಯುತ್ತದೆ ಎಂದು ನಾನು ನಂಬುತ್ತೇನೆ.

ಉದಗೀರಿನ ಕನ್ನಡ ಮನೆಯ ಹುಡುಗಿ ಭೂಗೋಳದ ಪರೀಕ್ಷೆಗೆ ರೇಗೂರ್ ಎಂದು ಉರುಹೊಡೆಯುತ್ತಾಳೆ. ಅದು ತನ್ನ ನೆರೆಮನೆಯವರ ರೇಗಡಿ, ತನ್ನಜ್ಜನ ಎರಿ ಹೊಲ ಎಂದು ಅವಳಿಗೆ ಹೇಳಿಕೊಡಬೇಕು. ಗಡಿಯ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಮಕ್ಕಳಿಂದ ಮೂರು ಪದರಗಳ ಮಣ್ಣು, ಕಲ್ಲು ತರಿಸಿ, ಪ್ರತಿಯೊಂದರ ಪಕ್ಕದಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ಹೆಸರುಗಳನ್ನು ಬರೆಸಿ. ಬರೆಸುವ ಮುಂಚೆ ಬಾವಿ ತೋಡಿದ ಹಿರಿಯರೊಬ್ಬರನ್ನು ತರಗತಿಗೆ ಕರೆಸಿ ಕೇಳಿ. ಯೂಲ್ ಮತ್ತು ಬರ್ನೆಲ್ ಪರದೇಶದವರಾಗಿದ್ದೂ ಈ ಮಾತುಗಳಿಗೆ ಕಿವಿಗೊಟ್ಟು ಬರೆದಿಟ್ಟರು. ಅವರು ಬಿಟ್ಟುಹೋದ ಅರ್ಧ ಅರ್ಥವನ್ನು ತುಂಬಿಕೊಡಬೇಕಾದವರು ನಾವು. ಅದು ಗೊತ್ತಿರುವವರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರಿರುವಾಗಲೇ ಈ ಕೆಲಸ ಆಗಲಿ.