ಗರ್ಭಸ್ಥ ಶಿಶುವಿನ ಬೆನ್ನುಹುರಿ

ಬೀಳಗಿಯ ಕಡೆಯಿಂದ ಬಾಗಲಕೋಟೆಗೆ ಹೊರಟವರು ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆಯನ್ನು ದಾಟಬೇಕು. ಬೆನ್ನ ಮೇಲೆ ಗಂಟು ಹೊತ್ತು ಹುಟ್ಟಿದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆಚೆಯ ದೊಡ್ಡ ದವಾಖಾನೆಗೆ ಧಾವಿಸುವ ತಾಯಿಗೆ ಆ ಸೇತುವೆ ಬಹು ಉದ್ದವಾಗಿ ತೋರದಿರದು. ಗಂಟಿನ ಹೊದಿಕೆ ಈರುಳ್ಳಿಯ ಒಳಪೊರೆಯಷ್ಟು ತೆಳು. ಅದರಡಿಯಲ್ಲಿ ಎಲುಬಿನ ಕಾವಲಿಲ್ಲದ ಬೆನ್ನುಹುರಿ. ಕಾಲುಗಳಲ್ಲಿ ಬಲವಿಲ್ಲದಿರುವುದು, ಮಲಮೂತ್ರಗಳ ಮೇಲೆ ಹತೋಟಿ ತಪ್ಪುವುದು, ತಲೆಯಲ್ಲಿ ನೀರು ತುಂಬುವುದು, ಇವೆಲ್ಲ ಆ ಒಂದು ನ್ಯೂನತೆಯ ಫಲಗಳು. ಇದು ಯಾವ ತಾಯಿಯ ಪಾಪದಿಂದಲೂ, ಯಾವ ಗ್ರಹಣದಿಂದಲೂ ಬಂದುದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ.

ಹದಿನೇಳನೆಯ ಶತಮಾನದಲ್ಲಿ ಡಚ್ ವೈದ್ಯ ನಿಕೋಲಾಸ್ ಟಲ್ಪ್ ಇದಕ್ಕೆ ಸ್ಪೈನಾ ಬೈಫಿಡಾ, ಎಂದರೆ ಸೀಳಿದ ಬೆನ್ನೆಲುಬು, ಎಂಬ ಹೆಸರಿತ್ತನು. ಅನಂತರದ ಮೂರು ಶತಮಾನಗಳ ಕಾಲ ಚಿಕಿತ್ಸೆಯ ಯೋಚನೆಯೆಲ್ಲ ಕೂಸು ಹುಟ್ಟಿದ ಮೇಲಿನದೇ ಆಗಿತ್ತು. 1995ರಲ್ಲಿ ಮಾರ್ಟಿನ್ ಮೊಯ್ಲಿ, ಸ್ಕಾಟ್ ಆಡ್ಜಿಕ್ ಮೊದಲಾದವರು ಕುರಿಗಳ ಗರ್ಭದಲ್ಲಿ ನಡೆಸಿದ ಪ್ರಯೋಗವು ಒಂದು ದೊಡ್ಡ ಅರಿವನ್ನು ತಂದಿತು: ಹುರಿಯು ಮುಚ್ಚದೆ ಉಳಿಯುವುದು ಮೊದಲ ಆಘಾತವಾದರೆ, ತೆರೆದ ಹುರಿಯು ತಿಂಗಳುಗಟ್ಟಲೆ ಗರ್ಭೋದಕದಲ್ಲಿ ತೊಯ್ದು, ಉಜ್ಜಿ ನಶಿಸುವುದು ಎರಡನೆಯ ಆಘಾತ; ಈ ಎರಡನೆಯದನ್ನು ಜನನಕ್ಕೆ ಮುನ್ನವೇ ತಡೆಯಬಹುದು. 1997ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯರು ಗರ್ಭಕೋಶವನ್ನು ತೆರೆದು ಮನುಷ್ಯಶಿಶುವಿನ ಬೆನ್ನನ್ನು ಹೊಲಿದರು. ಈ ಎರಡು ಬಗೆಯ ಹೊಲಿಗೆಗಳನ್ನು ಹೋಲಿಸಿ ನೋಡಿದ ಮಾಮ್ಸ್ ಎಂಬ ಪರೀಕ್ಷೆಯ, 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುಟ್ಟಿದ ಮೇಲೆ ಹೊಲಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ 21 ಮಂದಿ ಆಸರೆಯಿಲ್ಲದೆ ನಡೆದರೆ, ಗರ್ಭದಲ್ಲಿಯೇ ಹೊಲಿಸಿಕೊಂಡವರಲ್ಲಿ 42 ಮಂದಿ ನಡೆದರು. ತಲೆಯ ನೀರನ್ನು ಹೊರಹರಿಸುವ ನಳಿಕೆಯ ಅಗತ್ಯವು 82ರಿಂದ 40ಕ್ಕೆ ಇಳಿಯಿತು. ಅಕಾಲ ಪ್ರಸವ, ತಾಯಿಯ ಗರ್ಭಕೋಶದ ಮೇಲೆ ಉಳಿಯುವ ಗಾಯ, ಇವು ಅದಕ್ಕೆ ತೆತ್ತ ಬೆಲೆ.

ಆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸ್ವತಂತ್ರವಾಗಿ ನಡೆಯಲಾರದೆ ಉಳಿದರಷ್ಟೆ. ಮುಚ್ಚಿದರೆ ಸಾಲದು, ಬಾಡಿದ ನರಕ್ಕೆ ಚೇತನವನ್ನೂ ಕೊಡಬೇಕೆಂಬ ಹಂಬಲದಿಂದ, ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯೆ ಡಯಾನಾ ಫಾರ್ಮರ್ ಮತ್ತು ಆಯ್‌ಜುನ್ ವಾಂಗ್ ಅವರು ಆಕರಕೋಶಗಳ ಕಡೆಗೆ ತಿರುಗಿದರು. ಆ ಕೋಶಗಳು ದೊರೆತುದು ಮಾಸಿನಲ್ಲಿ. ನಮ್ಮ ಸೂಲಗಿತ್ತಿಯರು ಮಗುವಿನ ಸಂಗಾತಿಯೆಂದೇ ಭಾವಿಸಿ ಭಕ್ತಿಯಿಂದ ನೆಲದಲ್ಲಿ ಹೂಳುತ್ತಿದ್ದ ಆ ಮಾಸಿನೊಳಗೆ ನರವನ್ನು ಕಾಪಾಡುವ ಕೋಶಗಳು ಅಡಗಿದ್ದುವೆಂಬುದನ್ನು ನೆನೆದಾಗ ನನಗೆ ರೋಮಾಂಚವಾಗುತ್ತದೆ. ಈ ಕೋಶಗಳನ್ನು ಒಂದು ಜೈವಿಕ ತೇಪೆಯ ಮೇಲೆ ಬೆಳೆಸಿ, ಆ ತೇಪೆಯನ್ನು ಶಿಶುವಿನ ತೆರೆದ ಹುರಿಯ ಮೇಲಿರಿಸಿ ಹೊಲಿಯುತ್ತಾರೆ. ಅವು ತಾವೇ ನರಗಳಾಗಿ ಮಾರ್ಪಡುವುದಿಲ್ಲ, ಸಾಯಲಿರುವ ನರಕೋಶಗಳನ್ನು ಉಳಿಸುವ ದ್ರವ್ಯಗಳನ್ನು ಸ್ರವಿಸುತ್ತವೆ. ಕುರಿಮರಿಗಳಲ್ಲಿ ಸಫಲವಾದ ಈ ವಿಧಾನವನ್ನು ಮನುಷ್ಯಶಿಶುವಿನ ಮೇಲೆ ಮೊದಲು ಪ್ರಯೋಗಿಸಿದುದು 2021ರಲ್ಲಿ.

ನಮ್ಮ ನಾಡಿಗೆ ಈ ವಿಷಯ ದೂರದ್ದಲ್ಲ. ದಾವಣಗೆರೆಯಲ್ಲಿ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು ಹೆರಿಗೆಗಳನ್ನು ಎಣಿಸಿ ನೋಡಿ, ಸಾವಿರಕ್ಕೆ 11ಕ್ಕೂ ಮಿಗಿಲಾಗಿ ಸ್ಪೈನಾ ಬೈಫಿಡಾದಂಥ ನರನಾಳದ ದೋಷಗಳಿರುವುದನ್ನು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ನಾಲ್ಕು ವರ್ಷಗಳ ತರುವಾಯ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಏಳು ದೇಶಗಳಲ್ಲಿ ನಡೆಸಿದ ಪರೀಕ್ಷೆಯು, ಒಮ್ಮೆ ಇಂಥ ಮಗುವನ್ನು ಹೆತ್ತ ತಾಯಿ ಮುಂದಿನ ಬಸಿರಿಗೆ ಮೊದಲೇ ಫೋಲಿಕ್ ಆಮ್ಲವನ್ನು ಸೇವಿಸಿದರೆ, ದೋಷವು ಮರುಕಳಿಸುವ ಸಂಭವವು ನೂರಕ್ಕೆ 72ರಷ್ಟು ತಗ್ಗುವುದೆಂದು ಸಾಬೀತುಪಡಿಸಿತು.

ತೇಪೆಯ ಶಸ್ತ್ರಕ್ರಿಯೆ ಅನಗವಾಡಿಗೆ ಬರಲು ಬಹುಕಾಲ ಬೇಕಾದೀತು; ಫೋಲಿಕ್ ಆಮ್ಲದ ಗುಳಿಗೆಯಾದರೋ ಆಗಲೇ ಊರಲ್ಲಿದೆ, ಬರುವ ಹೊತ್ತು ಮಾತ್ರ ತಪ್ಪಿದೆ. ಮುಂದೆ ಬೆನ್ನುಹುರಿಯಾಗುವ ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28 ದಿನಗಳೊಳಗೆ. ಮುಟ್ಟು ನಿಂತಿತೆಂದು ಸೊಸೆ ನಾಚಿಕೆಯಿಂದ ಅತ್ತೆಗೆ ತಿಳಿಸಿ, ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ ಕಾರ್ಡು ಬರೆದು, ಗುಳಿಗೆಯ ಹಾಳೆಯನ್ನು ಅವಳ ಕೈಗಿಡುವ ವೇಳೆಗೆ ಆ ನಾಳವು ಮುಚ್ಚಿಯೋ ತೆರೆದೋ ತನ್ನ ಕೆಲಸವನ್ನು ಮುಗಿಸಿರುತ್ತದೆ.